ಜರ್ಮನಿಯ ಕೆಂಪು ವೈನು, ಒಂದು ಚಮಚ

ಡಾಕ್ಟರಮ್ಮನ ಬಂಗಲೆಯ ಪ್ಯಾಂಟ್ರಿಯಲ್ಲಿ ಒಂದು ಬಾಟಲಿಯನ್ನು ಎದುರಿಗಿಟ್ಟುಕೊಂಡು ವೆಂಕಟಸ್ವಾಮಿ ಸಪ್ಪೆ ಮುಖ ಮಾಡಿಕೊಂಡು ನಿಂತಿದ್ದರು. ನಮ್ಮ ಮದುವೆಗೆ ಉಳಿದಿದ್ದು ಹದಿನೆಂಟೇ ದಿನ. ಗಂಡಿನ ಮುಖ ಹೀಗಿದ್ದರೆ ಹೆಣ್ಣಿಗೆ ಕೋಪ ಬರುವುದಿಲ್ಲವೇ?

"ಏನ್ರೀ, ಬಾಟ್ಲಿ ಏನಾದ್ರೂ ಬೈತಾ?" ಎಂದೆ.

"ಜರ್ಮನಿದು ಶಾಂತಾ, ಯುದ್ಧಕ್ಕೆ ಮುಂಚೆ ಬಂದಿದ್ದು. ಕೆಂಪು ವೈನು, ಸಿಹಿ ಒಂದ್ಚೂರೂ ಇರಲ್ವಂತೆ. ನಾನು ರುಚಿ ನೋಡಿ, ಇದಕ್ಕೆ ಯಾವ ಅಡುಗೆ ಹೊಂದುತ್ತೆ ಅಂತ ನಿಮ್ಮಪ್ಪಂಗೆ ಹೇಳ್ಬೇಕಂತೆ."

ಅದು ಸಾವಿರದ ಒಂಬೈನೂರ ನಲವತ್ತೇಳರ ಮಾರ್ಚ್. ರಿಚರ್ಡ್ಸ್ ಟೌನಿನ ಆ ಮನೆಗೆ ವೆಂಕಟಸ್ವಾಮಿ ಬಟ್ಲರ್, ನಮ್ಮಪ್ಪ ಪಿಳ್ಳಪ್ಪ ಅಡುಗೆಯವರು, ನಾನು ಅವರಿಗೆ ಕೈಯಾಳು. ಡಾಕ್ಟರಮ್ಮ ಇಂಗ್ಲೆಂಡಿಗೆ ಹೊರಟಿದ್ದರು. ಆ ಭಾನುವಾರ ಮಧ್ಯಾಹ್ನ ಸ್ನೇಹಿತರಿಗೆ ಕೊನೆಯ ಊಟ.

ತೊಂದರೆ ಇದ್ದದ್ದು ಅಪ್ಪನ ಷರತ್ತಿನಲ್ಲಿ. ನಮ್ಮ ಚಿಕ್ಕಪ್ಪ ಕುಡಿದು ಕುಡಿದೇ ಸತ್ತವರು. ಹಾಗಾಗಿ ಮದುವೆ ಮಾತಿಗೆ ಮೊದಲೇ ಅಪ್ಪ ಈ ಪುಣ್ಯಾತ್ಮನನ್ನು ಹಲಸೂರು ಸೋಮೇಶ್ವರನ ಮುಂದೆ ನಿಲ್ಲಿಸಿ ಕರ್ಪೂರ ಮುಟ್ಟಿಸಿ ಆಣೆ ಮಾಡಿಸಿದ್ದರು. ಒಂದು ಹನಿ ಬಾಯಿಗೆ ಹೋದರೂ ಮದುವೆ ಇಲ್ಲ.

"ಆಣೆ ಮಾಡಿರೋದು ನೀವು, ನಾನಲ್ಲ. ಕೊಡಿ ಇಲ್ಲಿ, ನಾನು ನೋಡ್ತೀನಿ," ಎಂದೆ.

"ನೀನಾ?"

"ಯಾಕೆ, ನನಗೆ ನಾಲಿಗೆ ಇಲ್ವಾ?"

"ಅದು ಇದೆ ಅಂತ ಕಂಟೋನ್ಮೆಂಟ್‌ಗೆಲ್ಲಾ ಗೊತ್ತು," ಎಂದು ನಕ್ಕರು. ಆ ನಗು ನೋಡಿದರೆ ನನ್ನ ಕೋಪ ಎಲ್ಲಿ ನಿಲ್ಲುತ್ತದೆ?

ಒದ್ದೆ ಬಟ್ಟೆ ಸುತ್ತಿ ತಂಪು ಮಾಡಿದ್ದ ಬಾಟಲಿಯ ಬಿರಡೆ ತೆಗೆದರು. ಗ್ಲಾಸಿಗೆ ಸ್ವಲ್ಪ ಸುರಿದು, ತಾವು ಮೂಸಿ, ಒಂದು ಚಮಚ ನನ್ನ ಬಾಯಿಗೆ ಹಿಡಿದರು. "ಗುಳುಂ ಅಂತ ನುಂಗ್ಬೇಡ. ನಾಲಿಗೆ ಮೇಲೆ ಸ್ವಲ್ಪ ಹೊತ್ತು ಇಟ್ಕೋ."

ಅವರ ಕಣ್ಣು ನನ್ನ ತುಟಿಯ ಮೇಲೇ ಇತ್ತು. ನುಂಗುವುದೇ ಮರೆತುಹೋಯಿತು.

"ಹೇಗಿದೆ?"

"ಹುಳಿ. ಆಮೇಲೆ ನೇರಳೆ ಹಣ್ಣು ತಿಂದ್ಹಾಗೆ ಒಗರು."

"ಇನ್ನೂ?"

"ನೀವು ಹಾಗೆ ನೋಡ್ತಿದ್ರೆ ರುಚಿ ಹೇಗ್ರೀ ಗೊತ್ತಾಗುತ್ತೆ?"

ಅಪ್ಪನ ಹೆಸರುವಾಸಿ ಬಾತುಕೋಳಿ ಮಸಾಲೆಯ ಒಂದು ತುಂಡು ತಿಂದು ಮತ್ತೆ ಒಂದು ಗುಟುಕು ಕುಡಿದೆ. ಒಣಮೆಣಸಿನಕಾಯಿಯ ಖಾರಕ್ಕೆ ವೈನು ಕಹಿಯಾಗಿ, ಗಂಟಲೆಲ್ಲ ಉರಿಯಿತು. ಅವರು ಗಾಬರಿಯಾಗಿ ನನ್ನ ಕಣ್ಣೀರು ಒರೆಸಿದರು. ಆಮೇಲೆ, ಅಪ್ಪ ಹಿತ್ತಲಿಗೆ ಹೋಗಿದ್ದ ಹೊತ್ತು ನೋಡಿ, ಮಸಾಲೆ ಹಚ್ಚದ ತುಂಡನ್ನು ಬೆಣ್ಣೆ, ಅಣಬೆ, ಕಾಳುಮೆಣಸಿನಲ್ಲಿ ಹುರಿದು ತಂದರು. ಈ ಸಲ ಹುಳಿಗೆ ಜಿಡ್ಡು ಕರಗಿತು, ಒಗರು ಮಾಯವಾಯಿತು, ಹಣ್ಣಿನ ಪರಿಮಳ ಮೂಗಿಗೇರಿತು. "ಆಹಾ!" ಎಂದು ಕೂಗಿಯೇಬಿಟ್ಟೆ.

ಆ ಕೂಗಿಗೆ ಅಪ್ಪ ಬಂದರು. ಅವರಿಗೆ ಕಂಡದ್ದು ವೆಂಕಟಸ್ವಾಮಿಯ ಕೈಯಲ್ಲಿದ್ದ ಗ್ಲಾಸು.

"ಕುಡಿದ್ಯೇನಯ್ಯಾ?"

ವೆಂಕಟಸ್ವಾಮಿ ನನ್ನ ಕಡೆ ನೋಡಲಿಲ್ಲ. ತಲೆ ತಗ್ಗಿಸಿ, "ತಪ್ಪು ನಂದೇ," ಎಂದರು.

"ಸುಳ್ಳು! ಅಪ್ಪಾ, ಕುಡಿದೋಳು ನಾನು."

"ಬಾಯ್ಮುಚ್ಚು! ಇವನನ್ನ ಉಳಿಸೋಕೆ ನೋಡ್ತೀಯಾ? ಹಾಗಿದ್ರೆ ರುಚಿ ಹೇಳು!"

ಹೇಳಿದೆ. ಒಗರು ಎಲ್ಲಿ ಹಿಡಿಯುತ್ತದೆ, ಜಿಡ್ಡು ಅದನ್ನು ಹೇಗೆ ಕಳೆಯುತ್ತದೆ, ಎಲ್ಲವನ್ನೂ. "ನಿಮ್ಮ ಮೆಣಸಿನಕಾಯಿ ಇದಕ್ಕೆ ಆಗಲ್ಲಪ್ಪಾ," ಎಂದೂ ಹೇಳಿಬಿಟ್ಟೆ. ಅಪ್ಪ ನಲವತ್ತು ವರ್ಷ ಒಲೆ ಮುಂದೆ ನಿಂತವರು. ತಿಂದವರ ಮಾತಿಗೂ ಕಟ್ಟಿದ ಮಾತಿಗೂ ಇರುವ ವ್ಯತ್ಯಾಸ ಅವರಿಗೆ ಗೊತ್ತು. ನನ್ನನ್ನೊಮ್ಮೆ, ವೆಂಕಟಸ್ವಾಮಿಯನ್ನೊಮ್ಮೆ ನೋಡಿ, ಅಡುಗೆಮನೆಗೆ ಹೋದರು.

"ಯಾಕ್ರೀ ನಿಮ್ಮ ಮೇಲೆ ಹಾಕ್ಕೊಂಡ್ರಿ? ಮದುವೆ ತಪ್ಪಿಹೋಗಿದ್ರೆ?"

"ನಿಮ್ಮಪ್ಪ ನಿನ್ನ ಬೈಯೋದು ಕೇಳೋಕಾಗ್ತಿರ್ಲಿಲ್ಲ. ಅಷ್ಟೇ ತೋಚಿದ್ದು." ಗ್ಲಾಸನ್ನು ಮೇಜಿನ ಮೇಲಿಟ್ಟರು. "ಮಿಕ್ಕಿದ್ದು ಯೋಚ್ನೆ ಮಾಡಿದ್ರೆ ಅಲ್ಲೇ ಅತ್ತುಬಿಡ್ತಿದ್ದೆ."

ಅವರ ಕೈಯನ್ನು ಹಿಡಿದುಕೊಂಡೆ. ಈ ಮನುಷ್ಯನಿಲ್ಲದೆ ನನಗೆ ಆಗುವುದಿಲ್ಲ ಎಂದು ಆಗ ಖಂಡಿತವಾಗಿ ತಿಳಿಯಿತು.

ಒಳಗಿನಿಂದ ಅಪ್ಪನ ದನಿ ಕೇಳಿತು. "ಅಳಿಯಂದ್ರೇ! ಆ ಬೆಣ್ಣೆ ಇತ್ಲಾಗೆ ತನ್ನಿ!"

ವೆಂಕಟಸ್ವಾಮಿ ಬಾಗಿಲ ಕಡೆ ತಿರುಗಿ, ಬೇರೆ ಯಾರೋ ಬಂದಿದ್ದಾರೇನೋ ಎಂದು ನೋಡಿದರು.

"ಹೋಗಿ ಮತ್ತೆ," ಎಂದೆ. "ನಿಮ್ಮನ್ನೇ ಕರೀತಿರೋದು."