ಮಾಸ್ತರರು ತರ್ಜುಮೆ ಮಾಡದ ಮಾತು

"ನಿಮ್ಮ ಹೆಂಡತಿಗೆ ಹೇಳಿ, ಬದನೆಕಾಯಿ ಪಲ್ಯ ತುಂಬಾ ರುಚಿಯಾಗಿದೆ" ಎಂದು ಡೆನ್ಮಾರ್ಕಿನ ಕಾರೆನ್ ಇಂಗ್ಲಿಷಿನಲ್ಲಿ ಹೇಳಿದಾಗ, ದಾಸನಕೊಪ್ಪದ ಮಡಿವಾಳಪ್ಪ ಮಾಸ್ತರರ ಕೈಯಲ್ಲಿದ್ದ ತುತ್ತು ಬಾಯಿಗೂ ಹೋಗಲಿಲ್ಲ, ತಟ್ಟೆಗೂ ಬೀಳಲಿಲ್ಲ. ಒಂದು ಗಳಿಗೆ ನೆಲ ನೋಡಿದರು. ಆಮೇಲೆ ಬಡಿಸುತ್ತ ನಿಂತಿದ್ದ ಮುರಿಗೆವ್ವನ ಕಡೆ ಅರ್ಧ ಮುಖ ತಿರುಗಿಸಿ, "ಪಲ್ಯ ಚಲೋ ಆಗೇತಿ ಅಂತಾರ್ರಿ ಅಕ್ಕೋರ" ಎಂದರು.

ಮುರಿಗೆವ್ವ ತಲೆಯಾಡಿಸಿ ಇನ್ನೊಂದು ಸೌಟು ಪಲ್ಯ ಹಾಕಿದಳು. 'ವೈಫ್' ಎಂದರೆ ಏನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಊರಿನ ಶಾಲೆಗೆ ಇದ್ದ ಇಬ್ಬರೇ ಶಿಕ್ಷಕರಲ್ಲಿ ಅವಳೊಬ್ಬಳು, ಮಕ್ಕಳಿಗೂ ಊರಿಗೂ 'ಅಕ್ಕೋರು'. ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ, ಧಾರವಾಡದಲ್ಲಿ ಟ್ರೇನಿಂಗ್ ಮುಗಿಸಿ ಬಂದವಳು. ಖಾಸಗಿಯಾಗಿ ಮೆಟ್ರಿಕ್ ಕಟ್ಟಬೇಕೆಂದು ತನ್ನಷ್ಟಕ್ಕೆ ಇಂಗ್ಲಿಷ್ ಓದಿಕೊಳ್ಳುತ್ತಿದ್ದಳು. ಬಾಯಿ ಬಿಟ್ಟು ಒಂದು ಮಾತೂ ಆಡಿದವಳಲ್ಲ, ಹಾಗಾಗಿ ಅಕ್ಕೋರಿಗೆ ಇಂಗ್ಲಿಷ್ ಬರುವುದಿಲ್ಲ ಎಂದು ಊರೇ ತೀರ್ಮಾನ ಮಾಡಿಬಿಟ್ಟಿತ್ತು. ಡೆನ್ಮಾರ್ಕಿನವರಿಗೂ ಇಂಗ್ಲಿಷು ಮನೆಯ ಮಾತಲ್ಲ, ಕಲಿತದ್ದು. ಒಂದೊಂದೇ ಶಬ್ದ ಹುಡುಕಿ ನಿಧಾನ ಆಡುತ್ತಿದ್ದರು. ಪುಸ್ತಕಕ್ಕಿಂತ ಅವರ ಬಾಯಿಂದಲೇ ಅವಳಿಗೆ ಹೆಚ್ಚು ತಿಳಿಯುತ್ತಿತ್ತು.

ಅದು ಅರವತ್ಮೂರನೆಯ ಇಸವಿಯ ಚಳಿಗಾಲ. ಡೆನ್ಮಾರ್ಕಿನ ಒಂದು ಹೈಸ್ಕೂಲಿನ ಹತ್ತು ಹನ್ನೆರಡು ಹುಡುಗ ಹುಡುಗಿಯರು, ಅವರ ಟೀಚರ್ ಕಾರೆನ್ ಜೊತೆ, ಹಡಗಿನಲ್ಲಿ ಮುಂಬಯಿಗೆ, ರೈಲಿನಲ್ಲಿ ಹುಬ್ಬಳ್ಳಿಗೆ, ಬಸ್ಸಿನಲ್ಲಿ ಇಲ್ಲಿಗೆ ಬಂದಿಳಿದಿದ್ದರು. ಊರಿನವರ ಜೊತೆ ಸೇರಿ ಶಾಲೆಗೆ ಎರಡು ಕೋಣೆ ಕಟ್ಟಿಕೊಡುವುದು ಅವರ ಉದ್ದೇಶ. ಅಲ್ಲಿಯವರೆಗೆ ಶಾಲೆ ನಡೆಯುತ್ತಿದ್ದದ್ದು ಮಠದ ಜಗುಲಿಯ ಮೇಲೆ. ಇಂಗ್ಲಿಷ್ ಬಲ್ಲವರು ಮಾಸ್ತರರೊಬ್ಬರೇ ಆದ್ದರಿಂದ ಮಾತು ದಾಟಿಸುವ ಕೆಲಸ ಅವರ ಕೊರಳಿಗೆ ಬಿತ್ತು. ಅಡುಗೆಯ ಹೊಣೆ ಮುರಿಗೆವ್ವನಿಗೂ, ಅವಳು ಬಾಡಿಗೆಗಿದ್ದ ಮನೆಯ ಯಜಮಾನಿ ಗೌರಕ್ಕನಿಗೂ ಬಂತು. ಕಾರೆನ್ ಎಂಬ ಹೆಸರು ಗೌರಕ್ಕನ ನಾಲಿಗೆಗೆ ಹೊರಳಲಿಲ್ಲ. ಒಂದೇ ದಿನದಲ್ಲಿ ಅಷ್ಟು ಬೆಳ್ಳಗಿನ ಹೆಂಗಸು ಕರೆವ್ವ ಆಗಿಬಿಟ್ಟಳು.

ಕರೆವ್ವನ ತಲೆಯಲ್ಲಿ ಈ ಗಂಡಹೆಂಡಿರ ಕತೆ ಹುಟ್ಟಿದ್ದಕ್ಕೂ ಗೌರಕ್ಕನೇ ಕಾರಣ. ಕಟ್ಟಡಕ್ಕೆ ತೊಲೆ ಕೊಟ್ಟವರ ಹೆಸರು ಬರೆದುಕೊಳ್ಳುತ್ತ ಕರೆವ್ವ, "ನಿಮ್ಮ ಗಂಡನ ಹೆಸರೇನು?" ಎಂದು ಮಾಸ್ತರರಿಂದ ಕೇಳಿಸಿದ್ದಳು. ಗೌರಕ್ಕ ಸೆರಗು ಬಾಯಿಗೆ ಹಿಡಿದು ಊರಮ್ಮ ದ್ಯಾಮವ್ವನ ಗುಡಿಯತ್ತ ಬೆರಳು ತೋರಿಸಿದಳು. ಗಂಡ ಗುಡಿಯಲ್ಲಿರಬೇಕೆಂದು ಆ ಪುಣ್ಯಾತ್ಮಳು ಎದ್ದು ಹೋಗಿ ಹುಡುಕಿ ಬಂದಳು. ಆಗ ಮಾಸ್ತರರು ನಗುತ್ತ, "ಅವರ ಹೆಸರು ದ್ಯಾಮಪ್ಪ. ನಮ್ಮಲ್ಲಿ ಹೆಂಡತಿಯಾದವಳು ಗಂಡನ ಹೆಸರು ಹೇಳುವುದಿಲ್ಲ" ಎಂದು ಬಿಡಿಸಿ ಹೇಳಿದರು. ಕರೆವ್ವ ಬುದ್ಧಿವಂತೆ. ಮರುದಿನದಿಂದ ಯಾರು ಯಾರ ಹೆಸರು ಹೇಳುವುದಿಲ್ಲ ಎಂದು ಗಮನಿಸತೊಡಗಿದಳು. ಈ ಅಕ್ಕೋರು ಮಾಸ್ತರರ ಹೆಸರನ್ನು ಅಪ್ಪಿತಪ್ಪಿಯೂ ಎತ್ತುವುದಿಲ್ಲ, ಮಾಸ್ತರರೂ ಇವಳ ಹೆಸರು ಎತ್ತುವುದಿಲ್ಲ. ಇಬ್ಬರೂ ಒಂದೇ ಕೆಲಸ ಮಾಡುತ್ತಾರೆ, ಮಾತಾಡುವಾಗ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಇನ್ನೇನು ಬೇಕು?

ಮುರಿಗೆವ್ವನ ಕೊರಳಲ್ಲಿ ತಾಳಿಯಿಲ್ಲ, ಕೈಯಲ್ಲಿ ಬಳೆಯಿಲ್ಲ, ಹಣೆಯಲ್ಲಿ ವಿಭೂತಿ ಮಾತ್ರ. ಊರಿನ ಒಂದನೇ ಇಯತ್ತೆಯ ಮಗುವಿಗೂ ಇದರ ಅರ್ಥ ಗೊತ್ತು. ಡೆನ್ಮಾರ್ಕಿನವರಿಗೆ ಗೊತ್ತಿರಲಿಲ್ಲ, ಅಷ್ಟೇ.

ಊಟ ಮುಗಿದ ಮೇಲೆ ಬಾವಿಕಟ್ಟೆಯ ಹತ್ತಿರ ಮಾಸ್ತರರು ಕೈ ತೊಳೆಯುತ್ತಿದ್ದರು. ಮುರಿಗೆವ್ವ ಕೊಡ ತುಂಬಿಸುತ್ತ ಕೇಳಿದಳು:

"ಮಾಸ್ತರ್ರ, ಕರೆವ್ವ ಅಷ್ಟುದ್ದ ಮಾತಾಡಿದ್ರು. ನೀವು ಎರಡ ಮಾತಿನ್ಯಾಗ ಮುಗಿಸಿಬಿಟ್ರಿ?"

"ಇಂಗ್ಲಿಷು ಉದ್ದ ಇರತೈತ್ರಿ ಅಕ್ಕೋರ. ಕನ್ನಡಕ್ಕ ಬಂದ್ರ ಗಿಡ್ಡ ಆಗತೈತಿ."

"ಹಂಗೇನ್ರಿ?"

"ಹಂಗ್ರಿ."

ಅವರ ಎರಡೂ ಕಿವಿ ಕೆಂಪಾಗಿದ್ದವು. ತೊಳೆದ ಕೈಯನ್ನೇ ಮತ್ತೆ ತೊಳೆದುಕೊಂಡು ಹೋದರು. ಮುರಿಗೆವ್ವನಿಗೆ ನಗು ಬಂತು. ನಗುವುದಕ್ಕೂ ದಣಿವಾಗಿತ್ತು, ಆದರೂ ನಕ್ಕಳು.

ದಣಿವು ಅವರಿಬ್ಬರಿಗೂ ಹೊಸದಲ್ಲ. ಬೆಳಿಗ್ಗೆ ಇಬ್ಬರೂ ಸೇರಿ ನಾಲ್ಕು ಇಯತ್ತೆ ಪಾಠ, ಮಧ್ಯಾಹ್ನ ಅವಳಿಗೆ ಅಷ್ಟು ಜನರ ಅಡುಗೆ, ಅವರಿಗೆ ಅಷ್ಟು ಜನರ ಮಾತು, ಸಂಜೆ ಕಲ್ಲು ಹೊತ್ತು ಕೆಸರು ತುಳಿಯುವುದು. ಬಂದ ಹುಡುಗರ ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದಿದ್ದವು. ಬಟ್ಟೆ ಸುತ್ತಿಕೊಂಡು ಅವರೂ ಹೊರುತ್ತಿದ್ದರು, ನಡುನಡುವೆ ತಮ್ಮ ಭಾಷೆಯ ಹಾಡು ಬೇರೆ. ಹೊತ್ತು ಮುಳುಗುವಾಗ ಮಾಸ್ತರರೂ ಅಕ್ಕೋರೂ ಅರ್ಧ ಎದ್ದ ಗೋಡೆಯ ಆ ತುದಿಗೊಬ್ಬರು ಈ ತುದಿಗೊಬ್ಬರು ಕೂತು ಸುಧಾರಿಸಿಕೊಳ್ಳುತ್ತಿದ್ದರು. ಮಾತಿಲ್ಲ. ಅವರು ತಮ್ಮ ಬಲಭುಜ ತಾವೇ ಒತ್ತಿಕೊಳ್ಳುವರು. ಇವಳು ಅದನ್ನು ನೋಡಿಯೂ ನೋಡದ ಹಾಗೆ ಇರುವಳು. ದಿನವಿಡೀ ಅವಳು ಕಾಯುತ್ತಿದ್ದದ್ದು ಆ ಹೊತ್ತಿಗೇ.

ಮಾಸ್ತರರಿಗೆ ನಲವತ್ತು ಹತ್ತಿರ. ತಂಗಿಯರ ಮದುವೆ, ತಾಯಿಯ ಕಾಯಿಲೆ ಎಂದು ತಮ್ಮ ಮದುವೆಯ ವಯಸ್ಸು ದಾಟಿದ್ದು ಅವರಿಗೇ ತಿಳಿದಿರಲಿಲ್ಲ. ಈಗ ತಾಯಿಯೂ ಇಲ್ಲ. ದಿನಾ ಬೆಳಿಗ್ಗೆ ಹಾಜರಿ ಕೂಗುವರು. ಮಕ್ಕಳು ಒಬ್ಬೊಬ್ಬರಾಗಿ ಎದ್ದು "ಹಾಜರ್ರಿ" ಅನ್ನುವರು. ಅಷ್ಟು ಮಕ್ಕಳ ಹೆಸರು ಕರೆಯುವ ಮನುಷ್ಯನನ್ನು ಹೆಸರು ಹಿಡಿದು ಕರೆಯುವವರು ಊರಲ್ಲಿ ಒಬ್ಬರೂ ಇರಲಿಲ್ಲ.

ಕರೆವ್ವ ದಿನಕ್ಕೊಂದು ಹೇಳುತ್ತಲೇ ಇದ್ದಳು. "ಗಂಡ ಹೆಂಡತಿ ಅಕ್ಕಪಕ್ಕದಲ್ಲಿ ಪಾಠ ಮಾಡುವುದು ಎಷ್ಟು ಚೆಂದ!" ಮಾಸ್ತರರ ಕನ್ನಡದಲ್ಲಿ ಅದು, "ಪಾಠ ಚಲೋ ನಡದೈತಿ ಅಂತಾರ." ಇನ್ನೊಂದು ದಿನ: "ನಿಮ್ಮ ಹೆಂಡತಿ ಸೋತುಹೋಗಿದ್ದಾಳೆ. ಪಾಪ, ಇವತ್ತಾದರೂ ನೀವು ನೀರು ಸೇದಿಕೊಡಿ." ಮಾಸ್ತರರು ಇದನ್ನು ತರ್ಜುಮೆಯನ್ನೇ ಮಾಡಲಿಲ್ಲ. ಸುಮ್ಮನೆ ಎದ್ದು ಹೋಗಿ ಹಗ್ಗ ಹಿಡಿದು ನಾಲ್ಕು ಕೊಡ ನೀರು ಸೇದಿಟ್ಟರು.

"ಯಾಕ್ರಿ ಮಾಸ್ತರ್ರ, ನೀವ್ಯಾಕ?"

"ಸುಮ್ನ್ರಿ. ಕೈ ಖಾಲಿ ಇತ್ತು."

ಇವರು ಯಾಕೆ ಕರೆವ್ವನನ್ನು ತಿದ್ದುತ್ತಿಲ್ಲ? ದಣಿವಿಗೋ, ನಾಚಿಕೆಗೋ, ಬೇರೆ ಯಾವುದಕ್ಕೋ? ಆ ಬೇರೆಯದು ಏನಿರಬಹುದೆಂದು ಯೋಚಿಸಲು ಹೊರಟರೆ ಮುರಿಗೆವ್ವ ಎದ್ದು ಇನ್ನೊಂದು ಕೆಲಸ ಹಿಡಿಯುತ್ತಿದ್ದಳು. ಗಂಡ ಸತ್ತವಳು ಉಡಿಕೆಯಾಗಿ ಮತ್ತೊಂದು ಮನೆ ಸೇರುವುದು ಅವರ ಜನದಲ್ಲಿ ಇಲ್ಲದ ರೂಢಿಯೇನಲ್ಲ. ಆದರೆ ಕೇಳುವವರು ಬೇಕು. ಆಸೆಪಡಲು ಮೈಯಲ್ಲಿ ಕಸುವೂ ಬೇಕು. ಮೂವತ್ತೊಂದಕ್ಕೇ ಅದು ತನ್ನಲ್ಲಿ ತೀರಿಹೋಗಿದೆ ಎಂದುಕೊಂಡಿದ್ದಳು.

ಹೆಂಚು ಹೊದಿಸುವ ಹೊತ್ತಿಗೆ ಮಾಸ್ತರರ ವರ್ಗಾವಣೆಯ ಆರ್ಡರ್ ಬಂತು. ಯಲ್ಲಾಪುರ ತಾಲೂಕಿನ ವಜ್ರಳ್ಳಿ ಕಡೆಯ ಒಂದು ಶಾಲೆ. ಯಾರೂ ಅವರ ಮೇಲೆ ಹೇರಿದ್ದಲ್ಲ. ಮುರಿಗೆವ್ವ ಬರುವ ಮುಂಚೆ, ಒಬ್ಬರೇ ನಾಲ್ಕು ಇಯತ್ತೆ ಎಳೆದು ಬೇಸತ್ತಿದ್ದಾಗ, ಎಲ್ಲಿಗಾದರೂ ಹಾಕಿ ಎಂದು ಅವರೇ ಅರ್ಜಿ ಹಾಕಿದ್ದರು. ಅವಳು ಬಂದಮೇಲೆ ಆ ಅರ್ಜಿ ಅವರಿಗೆ ಮರೆತೇ ಹೋಗಿತ್ತು. ಸರಕಾರಕ್ಕೆ ಮರೆತಿರಲಿಲ್ಲ.

"ಡೆನ್ಮಾರ್ಕಿನವರು ಹೋಗೋ ಬಸ್ಸಿಗೇ ನಾನೂ ಹೊಂಟೇನ್ರಿ. ಶಿರಸಿಂದ ಯಲ್ಲಾಪುರದ ಬಸ್ ಹಿಡೀಬೇಕು" ಎಂದರು, ಹೆಂಚು ಎಣಿಸುತ್ತ.

"ಚಲೋ ಆತಲ್ರಿ" ಎಂದಳು ಮುರಿಗೆವ್ವ. "ನೀವಽ ಬೇಡಿದ್ದು."

"ಹೌದ್ರಿ. ನಾನಽ ಬೇಡಿದ್ದು."

ಅಷ್ಟೇ. ಮುರಿಗೆವ್ವ ಒಳಗೆ ಹೋಗಿ ಒಲೆಯ ಮುಂದೆ ಕೂತು ಹೊಗೆಗೆ ಕಣ್ಣೊಡ್ಡಿದಳು. ಕಣ್ಣೀರಿಗೆ ಕಾರಣ ಕೇಳಿದರೆ ಹೇಳಲು ಹೊಗೆಯಿತ್ತು. ಗೌರಕ್ಕ ಕೇಳಲಿಲ್ಲ. ಹಸಿ ಕಟ್ಟಿಗೆಯೊಂದನ್ನು ಒಲೆಯಿಂದ ಹಿರಿದು ಆಚೆ ಇಟ್ಟು, "ಈಗ ಹೊಗಿ ಇಲ್ಲ, ಏನಂತೀ?" ಎಂದಳು.

ಬೀಳ್ಕೊಡುಗೆಯ ದಿನ ಹೊಸ ಕೋಣೆಯ ಮುಂದೆ ಊರಿಗೆ ಊರೇ ಸೇರಿತ್ತು. ಕರೆವ್ವ ಇಂಗ್ಲಿಷಿನಲ್ಲಿ ನಿಧಾನ ಮಾತಾಡಿದಳು, ಮಾಸ್ತರರು ಕನ್ನಡ ಮಾಡಿದರು. ತೊಲೆ ಕೊಟ್ಟವರಿಗೆ, ಅಕ್ಕಿ ಕೊಟ್ಟವರಿಗೆ, ಗಾಡಿ ಹೂಡಿದವರಿಗೆ ಎಲ್ಲರಿಗೂ ವಂದನೆ. ಎಲ್ಲ ಮುಗಿಯಿತು ಅನ್ನುವಾಗ ಕರೆವ್ವ ಕೈಯೆತ್ತಿ ಮಾಸ್ತರರನ್ನು ತಡೆದಳು. ಕೊನೆಯ ಮಾತನ್ನು ಅವಳು ಕನ್ನಡದಲ್ಲೇ ಕಲಿತುಕೊಂಡು ಬಂದಿದ್ದಳು. ಊರ ಮಕ್ಕಳ ಹತ್ತಿರ ಕೂತು ಒಂದೊಂದೇ ಶಬ್ದ ಕೇಳಿ ಕಲಿತದ್ದು. ಎರಡೂ ಕೈ ಜೋಡಿಸಿ, ಗಟ್ಟಿಯಾಗಿ, "ನಮ್ಮ ಮಾಸ್ತರ, ಮಾಸ್ತರ ಹೆಂಡ್ತಿ ಅಕ್ಕೋರ, ಇಬ್ಬರಿಗೂ ಶರಣು!" ಎಂದಳು.

ಹಿಂದೆ ಯಾರೋ ಕಿಸಕ್ಕೆಂದರು. ಮುಂದೆ ಕೂತಿದ್ದ ಹಿರಿಯರೊಬ್ಬರು ಕೆಮ್ಮಿದರು. ಒಂಟಿಯಾಗಿ ಬದುಕುವ ಹೆಂಗಸಿಗೆ ಆ ಕೆಮ್ಮು ಸಾಕು. ಮಾಸ್ತರರು ನಾಳೆ ಬಸ್ ಹತ್ತುತ್ತಾರೆ, ಈ ಕೆಮ್ಮಿನ ಜೊತೆ ಬಾಳಬೇಕಾದವಳು ತಾನು ಎಂದು ಮುರಿಗೆವ್ವನಿಗೆ ಆ ಕ್ಷಣಕ್ಕೇ ಹೊಳೆಯಿತು. ತಲೆ ತಗ್ಗಿಸಲಿಲ್ಲ.

ಮಾಸ್ತರರ ಮುಖ ಸುಣ್ಣ ಹಚ್ಚಿದ ಗೋಡೆಯ ಬಣ್ಣಕ್ಕೆ ತಿರುಗಿತ್ತು. ಅವರು ಜನರ ಕಡೆ ತಿರುಗಿ, "ಇದು ಅವರ ತಪ್ಪಲ್ರಿ. ಅವರು ತಪ್ಪು ತಿಳಕೊಂಡಿದ್ರು, ನಾ ತಿದ್ದಲಿಲ್ಲ. ಅಕ್ಕೋರಿಗೆ ಇದರಾಗಿಂದು ಏನೂ ಗೊತ್ತಿಲ್ಲ. ಅನ್ನೋದಿದ್ರ ನನಗ ಅನ್ರಿ" ಎಂದರು. ಆಮೇಲೆ ಕಂಗಾಲಾಗಿ ನಿಂತಿದ್ದ ಕರೆವ್ವನಿಗೆ ಇಂಗ್ಲಿಷಿನಲ್ಲಿ, ಮೆಲ್ಲಗೆ ಏನೋ ಹೇಳಿದರು. ಕರೆವ್ವ ಬಾಯಿಗೆ ಕೈ ಹಿಡಿದುಕೊಂಡು, "ಮತ್ತೆ ಇಷ್ಟು ದಿನ ಯಾಕೆ ಹೇಳಲಿಲ್ಲ?" ಎಂದು ಕೇಳಿದಳು. ಅದಕ್ಕೂ ಅವರು ಉತ್ತರ ಕೊಟ್ಟರು. ಎರಡೇ ಹೆಜ್ಜೆ ಆಚೆ ಮುರಿಗೆವ್ವ ನಿಂತಿದ್ದಳು.

ಸಂಜೆ ಜನ ಕರಗಿತು. ಗೌರಕ್ಕ ಹೊರಗೆ ಪಾತ್ರೆ ತಿಕ್ಕುತ್ತಿದ್ದಳು. ಮಾಸ್ತರರು ಹೊಸ ಕೋಣೆಯಲ್ಲಿ ಒಬ್ಬರೇ ನಿಂತು ಹೊಸ ಬೋರ್ಡನ್ನು ಒರೆಸುತ್ತಿದ್ದರು. ಬೋರ್ಡಿನ ಮೇಲೆ ಇನ್ನೂ ಯಾರೂ ಏನೂ ಬರೆದಿರಲಿಲ್ಲ. ಮುರಿಗೆವ್ವ ಬಾಗಿಲಲ್ಲಿ ನಿಂತಳು.

"ತಪ್ಪಾತ್ರಿ ಅಕ್ಕೋರ" ಎಂದರು ಅವರು, ತಿರುಗದೆ. "ಹೋಗೋ ಹೊತ್ತಿನ್ಯಾಗ ನಿಮ್ಮ ಹೆಸರು ಕೆಡಿಸಿದೆ."

"ಕರೆವ್ವಗ ಇಂಗ್ಲಿಷಿನ್ಯಾಗ ಏನ ಹೇಳಿದ್ರಿ?"

"ತಪ್ಪಾತು ಅಂದೆ."

"ಅಷ್ಟುದ್ದ?"

"ಇಂಗ್ಲಿಷು ಉದ್ದ..."

"ಸಾಕ್ರಿ" ಎಂದಳು. "'ದಿನಾ ಕೇಳಾಕ ಹಿತ ಆಗತಿತ್ತು. ಅಲ್ಲ ಅಂದ್ರ ಮತ್ತ ಯಾರೂ ಹಂಗ ಅನ್ನೋದಿಲ್ಲ. ಅದಕ್ಕ ಸುಮ್ನಿದ್ದೆ' ಅಂದ್ರಿ. ಇದು ನನ್ನ ತರ್ಜುಮಿ. ಒಂದು ಮಾತೂ ಬಿಟ್ಟಿಲ್ಲ."

ಒರೆಸುವ ಬಟ್ಟೆ ಅವರ ಕೈಯಿಂದ ಜಾರಿತು.

"ನಿಮಗ... ಮೊದಲಿಂದ?"

"ಬದನಿಕಾಯಿ ಪಲ್ಯದಿಂದ. ನೀವು ಬಿಟ್ಟ ಮಾತೆಲ್ಲ ನನ್ನ ಹತ್ರ ಜ್ವಾಪಾನ ಅದಾವ್ರಿ."

"ಮತ್ತ ನೀವ್ಯಾಕ ಸುಮ್ನಿದ್ರಿ?"

"ನನಗೂ ಹಿತ ಆಗತಿತ್ತು" ಎಂದಳು ಮುರಿಗೆವ್ವ. ಹೇಳಿ ಹೊಸ ಬೆಂಚಿನ ಮೇಲೆ ಕೂತಳು.

ಮಾಸ್ತರರು ಕಿಟಕಿಯ ಕಡೆ ತಿರುಗಿಕೊಂಡು, ಯಾರಿಗೋ ಹೇಳುವವರಂತೆ, "ಆ ಶಾಲ್ಯಾಗ ಒಬ್ಬ ಮಾಸ್ತರ, ನಾಕು ಇಯತ್ತೆ. ಇನ್ನೊಬ್ಬರು ಬೇಕಂತ ಬರದ್ರ ಕೊಟ್ಟಾರು. ನನಗೂ ದಣಿವಾಗೇತ್ರಿ. ಒಬ್ಬನಽ ಇದ್ದು ದಣಿವಾಗೇತಿ. ನಿಮ್ಮ ಅಣ್ಣಾರ ಹತ್ರ ಬಂದು ಕೇಳಬೇಕಂದ್ರ, ಮೊದಲು ನಿಮ್ಮನ್ನ ಕೇಳಬೇಕಲ್ರಿ?" ಎಂದರು.

ಮುರಿಗೆವ್ವನಿಗೆ ತನ್ನ ಹದಿನೇಳನೆಯ ವಯಸ್ಸು, ಆಗಿನ ಗಂಡ ನೆನಪಿಗೆ ಬಂದರು.

"ಅವರ ಹೆಸರು ಬಸವಣ್ಣೆಪ್ಪ" ಎಂದಳು. "ಒಂದು ವರ್ಷ ಬಾಳೇವು ಮಾಡಿದೆ. ಒಮ್ಮೆನೂ ಹೆಸರು ಹೇಳಲಿಲ್ಲ, ಹೇಳಬಾರದಲ್ರಿ. ಜ್ವರಾ ಬಂದು ಹೋದ್ರು. ಆಮ್ಯಾಲೆ ಒಂದಿನ ಹಿತ್ತಲದಾಗ ನಿಂತು ಕರದ್ನಿ. ಕರದ್ರ ತಿರುಗಿ ನೋಡೋ ಮುಖ ಇರಲಿಲ್ಲ. ಇನ್ನೊಮ್ಮೆ ಹಂಗ ಆದ್ರ ತಡಕೊಳ್ಳೋದು ನನ್ನ ಕೈಲೆ ಆಗಂಗಿಲ್ರಿ. ನಾ ಬಂದ್ರ ಹೆಸರು ಹಿಡದು ಕರಿಯಾಕಿ. ಊರು ನಗಲಿ, ಕೆಮ್ಮಲಿ. ಒಪ್ಪಿಗಿ ಐತೇನು?"

ಮಾಸ್ತರರು ಕಿಟಕಿಯ ಸರಳು ಹಿಡಿದು ಹಾಗೇ ನಿಂತಿದ್ದರು. ಅವರ ಬೆನ್ನು ಸಣ್ಣಗೆ ಅಲುಗುತ್ತಿತ್ತು. ಮುರಿಗೆವ್ವ ಉತ್ತರಕ್ಕೆ ಕಾಯಲಿಲ್ಲ.

"ಮಡಿವಾಳಪ್ಪ" ಎಂದಳು.

ಹೊರಗೆ ಪಾತ್ರೆಯ ಸದ್ದು ನಿಂತಿತು. "ಯಾರವ್ವಾ ಅದು, ಗಂಡಸರ ಹೆಸರು ಹಿಡದು ಒದರಾಕಿ?" ಎಂದು ಗೌರಕ್ಕ ಕೂಗಿದಳು.

"ನಾನಽ ಗೌರಕ್ಕ. ರೂಢಿ ಮಾಡ್ಕೊಳ್ಳಾಕತ್ತೀನಿ" ಎಂದು ಮುರಿಗೆವ್ವ ಕೂತಲ್ಲಿಂದಲೇ ಹೇಳಿ, ಈ ಸಲ ಇನ್ನಷ್ಟು ಗಟ್ಟಿಯಾಗಿ ಕರೆದಳು. "ಮಡಿವಾಳಪ್ಪ!"

ಅವರು ತಿರುಗಿದರು. ಕಣ್ಣು ಒದ್ದೆಯಾಗಿದ್ದವು, ಗಡ್ಡದಲ್ಲಿ ಅಲ್ಲಲ್ಲಿ ಸುಣ್ಣ ಅಂಟಿತ್ತು. ಶಾಲೆಯ ಹುಡುಗನ ಹಾಗೆ ಕೈಕಟ್ಟಿ ನೆಟ್ಟಗೆ ನಿಂತು ಹೇಳಿದರು:

"ಹಾಜರ್ರಿ."