ಮಲಕಮ್ಮನ ಕಾರಿನ ಕಬ್ಬಿಣ

೨೦೨೪ರ ಸೆಪ್ಟೆಂಬರ್ ಎರಡು, ಶ್ರಾವಣದ ಅಮಾವಾಸ್ಯೆ, ಸೋಮವಾರ. ಬೆಳಿಗ್ಗೆ ಹತ್ತೂವರೆಗೆ ಶಹಾಪುರ ಠಾಣೆಗೆ ಮಲಕಮ್ಮ ಎಂಬ ಹಿರಿಯ ಹೆಂಗಸು ದೂರು ಕೊಡಲು ಬಂದಳು. ತೀರಿಹೋದ ಗಂಡನ ಅಂಬಾಸಿಡರ್ ಕಾರು ಆಕೆಯ ಮನೆಯ ಮಗ್ಗುಲಿನ ಶೆಡ್ಡಿನಲ್ಲಿ ಆರು ವರ್ಷದಿಂದ ನಿಂತಿತ್ತು. ಓಡುವ ಗಾಡಿಯಲ್ಲ. ಆದರೂ ಅಮಾವಾಸ್ಯೆಗೊಮ್ಮೆ ಅದನ್ನು ತೊಳೆದು, ಕುಂಕುಮ ಹಚ್ಚಿ, ಕಾಯಿ ಒಡೆಯುವ ರೂಢಿಯನ್ನು ಆಕೆ ಬಿಟ್ಟಿರಲಿಲ್ಲ. ಆ ದಿನ ಮುಂದಿನ ಎಡ ಚಕ್ರಕ್ಕೆ ನಿಂಬೆಹಣ್ಣು ಇಡಲು ಬಗ್ಗಿದಾಗ ಜೇಡರ ಬಲೆ ಹರಿದಿರುವುದು ಕಂಡಿತು. ಒಳಗಿನ ಕಬ್ಬಿಣವೇ ಬೇರೆಯಾಗಿತ್ತು.

"ಹಳೇದು ಒಯ್ದು ಹೊಸಾದು ಹಾಕಿ ಹೋಗ್ಯಾನೇನಬೇ ಯವ್ವಾ?" ಹೆಡ್ ಕಾನ್‌ಸ್ಟೆಬಲ್ ದೇವಿಂದ್ರ ನಗು ತಡೆದುಕೊಂಡು ಕೇಳಿದ. "ಇಂಥ ಕಳ್ಳ ಸಿಕ್ರ ನಮ್ಮ ಮನಿಗೂ ಕಳಸು. ನನ್ನ ಬೈಕೂ ಭಾಳ ಹಳೇದಾಗ್ಯದ."

"ನಗಬ್ಯಾಡಪ. ನಮ್ಮ ಮಾಲಕರು ಆ ಗಾಡಿಗಿ ಒಂದ ನಟ್ಟೂ ಖೊಟ್ಟಿದು ಹಾಕಿಸಿದವ್ರಲ್ಲ. ಎಷ್ಟ ಮಂದಿ ಕೇಳಿದ್ರೂ ಒಂದ ಸಾಮಾನು ನಾ ಬಿಚ್ಚಾಕ ಕೊಟ್ಟಿಲ್ಲ."

ಇನ್ಸ್‌ಪೆಕ್ಟರ್ ಭಗವಂತರಾಯ ನಗಲಿಲ್ಲ. ಎಫ್‌ಐಆರ್ ದಾಖಲಾಯಿತು. ಹನ್ನೆರಡಕ್ಕೆ ಇಬ್ಬರು ಪಂಚರನ್ನು ಕರೆದುಕೊಂಡು ಸ್ಥಳಕ್ಕೆ ಹೋದರು.

ಶೆಡ್ಡಿನ ಬೀಗ ಮುರಿದಿರಲಿಲ್ಲ. ಕಳವಾದದ್ದು ಚಕ್ರವನ್ನು ಗಾಡಿಯ ಮೈಗೆ ಹಿಡಿದಿಡುವ ಕಬ್ಬಿಣದ ತೋಳು. ಮೆಕ್ಯಾನಿಕರು ಅದಕ್ಕೆ ಆರ್ಮ್ ಎನ್ನುತ್ತಾರೆ. ಅದರ ಜಾಗದಲ್ಲಿ ಕಪ್ಪು ಬಣ್ಣ ಬಳಿದ ಹೊಸ ಆರ್ಮ್ ಕೂತಿತ್ತು. ದೇವಿಂದ್ರ ನೆಲದ ಮೇಲೆ ಮಲಗಿ ಟಾರ್ಚು ಹಾಕಿದ.

"ಸರ್, ನಟ್ಟು ಬಿಗಿ ಮಾಡ್ಯಾನ. ಪಿನ್ನು ಹಾಕ್ಯಾನ. ಗ್ರೀಸೂ ಹೊಡದಾನ. ಓಡದ ಗಾಡಿಗಿ ಗ್ರೀಸ್ ಯಾಕ್ರಿ?"

ಭಗವಂತರಾಯನೂ ಅದನ್ನೇ ಯೋಚಿಸುತ್ತಿದ್ದ. ಕಳ್ಳನ ಕೈಗೆ ಅವಸರವಿರುತ್ತದೆ. ಈ ಕೈಗೆ ಅವಸರವಿರಲಿಲ್ಲ. ಕೆಲಸವನ್ನು ಅರ್ಧಕ್ಕೆ ಬಿಡಲು ಬಾರದ ಕೈ ಇದು. ಪಂಚನಾಮೆಯಲ್ಲಿ ಅದನ್ನೆಲ್ಲ ಬರೆಸಿದ. ಹಾಗೆ ಬರೆಸುವಾಗ ಆ ಕಪ್ಪು ಬಣ್ಣವನ್ನು ತಾನು ಮೊದಲೇ ಎಲ್ಲೋ ಕಂಡಿದ್ದೇನೆ ಅನ್ನಿಸಿತು. ಎಲ್ಲಿ ಎಂಬುದು ಮಾತ್ರ ನೆನಪಿಗೆ ಬರಲಿಲ್ಲ.

ಎದುರುಮನೆಯ ಹಂಪಮ್ಮ ಕಟ್ಟೆಯ ಮೇಲೆ ಕೂತು ಮೆಂತ್ಯಸೊಪ್ಪು ಸೋಸುತ್ತಿದ್ದಳು.

"ಈ ಕಡಿ ಯಾರರ ಕಳ್ಳರು ಬಂದಿದ್ರೇನು?" ಭಗವಂತರಾಯ ಕೇಳಿದ.

"ಕಳ್ಳರು ಯಾರೂ ಬಂದಿಲ್ರಿ. ಹ್ವಾದ ಸೋಮವಾರ ಮಲಕಮ್ಮ ಚರಬಸಪ್ಪನ ಗದ್ದಿಗಿಗಿ ಹೋಗಿದ್ಳು. ಆವಾಗ ಕರೀಮಣ್ಣ ಬಂದು ಗಾಡಿ ರಿಪೇರಿ ಮಾಡಿ ಹೋಗ್ಯಾನ. ನಾನ ಚಾ ಕಳಸಿದ್ದೆ."

"ಯಾವ ಕರೀಮಣ್ಣ?"

"ಸುರಪುರದ ಮಿಸ್ತ್ರಿ ಅಬ್ದುಲ್ ಕರೀಮ. ಯಜಮಾನ್ರು ಇದ್ದಾಗಿಂದ ಈ ಗಾಡಿಗಿ ಅವನ ಕೈ. ಕೀಲಿನೂ ಅವನ ಹತ್ರ ಒಂದು ಇರ್ತದ."

ಬಾಗಿಲಲ್ಲಿ ನಿಂತಿದ್ದ ಮಲಕಮ್ಮನ ಮುಖ ಬಾಡಿತು. "ಎರಡ ಸಲ ಆ ಸಾಮಾನು ಕೇಳಾಕ ಬಂದಿದ್ದ. ಅವರ ನೆನಪಿಗಿ ಅದೊಂದೇ ಉಳದದ, ಕೊಡಂಗಿಲ್ಲ ಅಂದೆ. ಅಂವ ಕದಿಯೂ ಮನಷ್ಯಾ ಅಲ್ರಿ ಸಾಹೇಬ್ರ. ದೂರು ವಾಪಸ್ ತಗೋತೀನಿ."

"ಎಫ್‌ಐಆರ್ ಆಗ್ಯದವ್ವಾ. ಏನಿದ್ರೂ ಇನ್ನ ಕೋರ್ಟಿನ್ಯಾಗ ಹೇಳಬೇಕು."

ಕದ್ದ ಆರ್ಮ್ ಇನ್ನೊಂದು ಅಂಬಾಸಿಡರಿಗಷ್ಟೇ ಕೂರುವಂಥದ್ದು; ಮೂರೂವರೆಗೆ ಜೀಪು ಸುರಪುರದ ಟ್ಯಾಕ್ಸಿ ಸ್ಟ್ಯಾಂಡಿಗೆ ಬಂತು. ಆ ಊರಲ್ಲಿ ಬಾಡಿಗೆಗೆ ಓಡುವ ಅಂಬಾಸಿಡರ್ ಒಂದೇ ಉಳಿದಿತ್ತು, ಭೀಮೇಶನದು. ಅಮಾವಾಸ್ಯೆಗೆ ತಿಂಥಣಿಯ ಮೌನೇಶ್ವರನ ದರ್ಶನಕ್ಕೆ ಹೋಗುವವರನ್ನು ಅವನು ತುಂಬಿಕೊಳ್ಳುತ್ತಿದ್ದ. ಹಿಂದಿನ ಸೀಟಿನಲ್ಲಿ ನಾಲ್ಕು ಮಂದಿ ಹೆಂಗಸರು, ಅವರ ತೊಡೆಗಳ ಮೇಲೆ ಮಕ್ಕಳು. ದೇವಿಂದ್ರ ಎಡ ಚಕ್ರದ ಒಳಗೆ ಬಗ್ಗಿ ನೋಡಿ ತಲೆಯಾಡಿಸಿದ. ಹಳೆಯ, ದಪ್ಪ ಆರ್ಮ್. ಮಲಕಮ್ಮನ ಕಾರಿನ ಕೆನೆಬಣ್ಣ ಅದರ ಅಂಚಿಗೆ ಇನ್ನೂ ಅಂಟಿಕೊಂಡಿತ್ತು.

"ಇದನ್ನ ಯಾರು ಹಾಕಿದ್ರು?" ಭಗವಂತರಾಯ ಭೀಮೇಶನನ್ನು ಕೇಳಿದ.

"ಕರೀಮಚಾಚಾ ಹಾಕ್ಯಾರ್ರಿ. ಕೂಲಿ ಸೈತ ತಗೊಳ್ಳಿಲ್ಲ. ಮೂರ ತಿಂಗಳಿಂದ ಒಂದೇ ಹಟ ಹಿಡದಿದ್ರು, ಗಾಡಿ ನಿಲ್ಲಸು, ನಿಲ್ಲಸು ಅಂತ. ನಿಲ್ಲಿಸಿ ಏನ ಗಾಳಿ ತಿನ್ನಲಿ ಅಂದೆ. ಮಗಾ ಹ್ವಾದ ಮ್ಯಾಲ ಚಾಚಾಗ ತಲಿ ಸರಿ ಇಲ್ರಿ."

"ಮಗ ಅಂದ್ರ?"

"ಅತೀಕ. ಮೇ ತಿಂಗಳದಾಗ ವನದುರ್ಗ ಕ್ರಾಸಿನ್ಯಾಗ ಗಾಡಿ ಪಲ್ಟಿ ಆಗಿ ಸತ್ತ ನೋಡ್ರಿ. ನೀವೇ ಬಂದಿದ್ರಿ."

ಭಗವಂತರಾಯನಿಗೆ ಆಗ ಆ ಕಪ್ಪು ಬಣ್ಣ ನೆನಪಾಯಿತು. ಬೇವಿನ ಮರದ ಬುಡದಲ್ಲಿ ಮಗುಚಿ ಬಿದ್ದ ಅಂಬಾಸಿಡರ್. ಕಿತ್ತುಬಂದ ಎಡ ಚಕ್ರ. ಎರಡು ತುಂಡಾದ ಕಪ್ಪು ಕಬ್ಬಿಣ. ಅಂದು ಬಿಸಿಲು ಬಹಳವಿತ್ತು. ಚುನಾವಣೆಯ ಬಂದೋಬಸ್ತಿನಿಂದ ಮೈ ಸೋತಿತ್ತು. ಕಬ್ಬಿಣ ಮುರಿದು ಗಾಡಿ ಬಿತ್ತೋ, ಗಾಡಿ ಬಿದ್ದು ಕಬ್ಬಿಣ ಮುರಿಯಿತೋ ಎಂದು ಅವನು ಬಗ್ಗಿ ನೋಡಿರಲಿಲ್ಲ. ಚಾಲಕನ ಅತಿವೇಗವೇ ಕಾರಣ ಎಂದು ಬರೆದಿದ್ದ. ಆರೋಪಿ ಸತ್ತವನಾದ್ದರಿಂದ ಕೇಸು ಅಲ್ಲಿಗೆ ಮುಗಿದಿತ್ತು.

ಹೆಂಗಸರನ್ನು ಬಸ್ಸಿಗೆ ಹತ್ತಿಸಿ, ಗಾಡಿಯನ್ನು ಅಲ್ಲೇ ನಿಲ್ಲಿಸುವಂತೆ ಭೀಮೇಶನಿಗೆ ಹೇಳಿ, ಅವರು ರಂಗಂಪೇಟೆಯ ಕರೀಮನ ಗ್ಯಾರೇಜಿಗೆ ಹೋದರು. ಕರೀಮ ಒಳಗೆ ಇಳಿಹೊತ್ತಿನ ಅಸರ್ ನಮಾಜಿನಲ್ಲಿದ್ದ. ದೇವಿಂದ್ರ ಬಾಗಿಲಿಗೆ ಹೋಗುವುದನ್ನು ಭಗವಂತರಾಯ ಕೈಸನ್ನೆಯಿಂದ ತಡೆದ. ದೇವರ ಮುಂದೆ ನಿಂತವನನ್ನು ಕರೆಯಲು ಅವನಿಗೆ ಮನಸ್ಸು ಬರಲಿಲ್ಲ.

ನಮಾಜು ಮುಗಿಸಿ, ಚಾಪೆ ಮಡಚಿ ಬಂದ ಕರೀಮ ಸಮವಸ್ತ್ರ ಕಂಡು ಬೆದರಲಿಲ್ಲ. ಜೇಬಿನಿಂದ ಶೆಡ್ಡಿನ ಕೀಲಿ ತೆಗೆದು ಸ್ಟೂಲಿನ ಮೇಲಿಟ್ಟ.

"ಮಲಕಮ್ಮನ ಗಾಡಿ ಆರ್ಮ್ ಬಿಚ್ಚಿದವ್ರು ನೀವೇನು?"

"ಹೌದ್ರಿ."

"ಯಾಕ?"

"ಒಳ್ಳೆ ಮಾಲು ಎಲ್ಲೀನೂ ಸಿಗಲಿಲ್ರಿ. ಕಲಬುರಗಿಗಿ ಹೋದೆ, ರಾಯಚೂರಿಗಿ ಹೋದೆ, ಹೈದರಾಬಾದಿನ ಗುಜರಿ ಎಲ್ಲಾ ತಿರಗಿದೆ. ಹಳೇ ಗಾಡಿಗಿ ಈಗ ಯಾರೂ ನೆಟ್ಟಗ ಮಾಡೂದಿಲ್ಲ. ಕರೇ ಬಣ್ಣ ಬಳದ ಅದೇ ಹೊಲಸು ಮಾಲು."

"ಅಲ್ಲಿ ಹಾಕಿ ಬಂದದ್ದು?"

"ಭೀಮೇಶನ ಗಾಡಿಂದು ಬಿಚ್ಚಿದ್ದು. ಓಡದ ಗಾಡ್ಯಾಗಿದ್ರ ಯಾರನ್ನೂ ಕೊಲ್ಲೂದಿಲ್ಲ ಅಂತ ಅಲ್ಲಿ ಹಾಕಿದೆ."

"ಅದಕ್ಕ ಗ್ರೀಸ್ ಯಾಕ ಹೊಡದ್ರಿ?"

ಕರೀಮ ತನ್ನ ಅಂಗೈಗಳನ್ನು ನೋಡಿಕೊಂಡ. "ಹೊಡದೀನೇನ್ರಿ? ನನಗ ಖಬರೇ ಇಲ್ಲ."

ಕೈಗಳನ್ನು ಅಂಗಿಗೆ ಒರೆಸಿಕೊಂಡ. ಆಮೇಲೆ ಅವನೇ ಹೇಳಿದ.

"ಒಂದೇ ದುಕಾನದಾಗ ಎರಡು ತಂದಿದ್ದೆ ಸಾಹೇಬ್ರ. ಹೊಸಾವು ಅಂತ ಕೊಟ್ಟಾ, ನಂಬಿದೆ. ಒಂದು ಭೀಮೇಶಗ ಹಾಕಿದೆ, ಒಂದು ನನ್ನ ಮಗಗ. ಅತೀಕನ ಗಾಡಿ ಮುರದಾಗ ತುಂಡು ಕೈಯಾಗ ಹಿಡದು ನೋಡಿದೆ. ಒಳಗ ಬೆಲ್ಲದ ಹೆಂಟಿ ಹಂಗ ಪುಡಿಪುಡಿ. ಮ್ಯಾಲಿನ ಬಣ್ಣ ಅಷ್ಟೇ ಗಟ್ಟಿ."

"ಅವತ್ತೇ ನನ್ನ ಮುಂದ ಹೇಳಬೇಕಿತ್ತು."

"ನೀವು ಬರದ್ರಿ, ಗಾಡಿ ಜೋರ ಹೊಡದಾನ ಅಂತ. ನಮ್ಮ ಅತೀಕ ಜೋರ ಹೊಡಿಯಾವಲ್ಲ. ನಾ ಸುಮ್ಮ ನಿಂತೆ. ಬಾಯಿ ಬಿಟ್ರ ಅದನ್ನ ಹಾಕಿದ ಕೈ ಯಾರದಂತ ಅವರವ್ವ ಮುನ್ನಿಬೀಗ ಹೇಳಬೇಕಾಗ್ತಿತ್ತು. ಸತ್ತ ಮಗನ ಮ್ಯಾಲ ಹೊರಸಿ ಮನಿಗಿ ಹ್ವಾದೆ. ಭೀಮೇಶಗೂ ಬರೇ ಗಾಡಿ ನಿಲ್ಲಸು ಅಂದೆ, ಯಾಕಂತ ಹೇಳಲಿಲ್ಲ. ಅಮಾವಾಸ್ಯಿ ಬಂತು. ತಿಂಥಣಿಗಿ ಮಕ್ಕಳುಮರಿ ಹತ್ತತಾವಂತ ನಿದ್ದಿ ಬರಲಿಲ್ಲ."

ಸಂಜೆ ಐದೂವರೆಗೆ ಕರೀಮನ ಬಂಧನವಾಯಿತು. ವಿಷಯವನ್ನು ಮಗಳು ಉಮೆಸಲ್ಮಾಳಿಗೆ ತಿಳಿಸಲಾಯಿತು. ಭೀಮೇಶನ ಕಾರಿನ ಆರ್ಮನ್ನು ಪಂಚರ ಎದುರು ಬಿಚ್ಚಿ ಜಪ್ತಿ ಮಾಡಿದರು. ಚಕ್ರವಿಲ್ಲದ ಗಾಡಿಯನ್ನು ಕಲ್ಲುಗಳ ಮೇಲೆ ನಿಲ್ಲಿಸಿದ್ದು ಜೀಪಿನಿಂದ ಕಂಡಾಗ ಕರೀಮ ಮೆಲ್ಲಗೆ, "ಈಗರೆ ನಿಂತದ ನೋಡ್ರಿ," ಎಂದ.

ಮರುದಿನ ಕೋರ್ಟಿಗೆ ಹೊರಡುವ ಹೊತ್ತಿಗೆ ಮಲಕಮ್ಮ ಠಾಣೆಯ ಮೆಟ್ಟಿಲ ಬಳಿ ಕಾದು ನಿಂತಿದ್ದಳು. ದೇವಿಂದ್ರ ಆಕೆಗೆ ಎಲ್ಲ ಹೇಳಿದ್ದ.

"ಅತೀಕ ನಮ್ಮನ್ಯಾಗ ರೊಟ್ಟಿ ಉಂಡು ಬೆಳದ ಕೂಸು. ಯಾಕ ಬೇಕಂತ ಒಂದ ಮಾತ ಹೇಳಿದ್ರ ಇಡೀ ಗಾಡಿನೇ ಕೊಡತಿದ್ದೆನಲ್ಲೋ ಅಣ್ಣಾ."

"ನಿಮ್ಮ ಮುಂದ ಅವನ ಹೆಸರು ಬಾಯಾಗ ಬರಲಿಲ್ರಿ ಅಕ್ಕಾ," ಎಂದ ಕರೀಮ. ಆಮೇಲೆ ಭಗವಂತರಾಯನ ಕಡೆ ತಿರುಗಿದ. "ಸಾಹೇಬ್ರ, ಜೋರ ಹೊಡದಾನ ಅಂತ ಬರದದ್ದು ಹೊಡದ ಹಾಕ್ತೀರೇನು?"

"ತನಿಖಿ ಮತ್ತ ತೆಗಿಯಾಕ ಕೋರ್ಟಿಗಿ ಬರದೀನಿ. ಅಲ್ಲಿ ಅಪ್ಪಣಿ ಆಗಬೇಕು."

"ಅವನ ಹೆಸರು ತೆಗದು ನನ್ನ ಹೆಸರು ಬರೀರಿ."

ಭಗವಂತರಾಯ ಜೀಪಿನ ಬಾಗಿಲು ತೆರೆದ. ಮರುತನಿಖೆಯ ಅರ್ಜಿಯನ್ನು ಹಿಂದಿನ ಸಂಜೆಯೇ ಬರೆದಿದ್ದ. ಮುರಿದ ಕಬ್ಬಿಣವನ್ನು ಸ್ಥಳದಲ್ಲಿ ತಾನು ಪರೀಕ್ಷಿಸಲಿಲ್ಲ ಎಂಬ ಒಂದು ಸಾಲು ಅದರಲ್ಲಿತ್ತು. ಕಪ್ಪು ಆರ್ಮ್ ಪ್ರಯೋಗಾಲಯಕ್ಕೆ ಹೋಗುವುದಿತ್ತು; ಅದನ್ನು ಮಾರಿದವನ ಹುಡುಕಾಟ ಇನ್ನು ಶುರುವಾಗಬೇಕಿತ್ತು. ಮಗನಿಗಾಗಿ ಒಂದು ಮಾತು ಆಡಲಾಗದೆ ಹೋದ ತಂದೆ ಊರ ಮಕ್ಕಳಿಗಾಗಿ ಕಳ್ಳನಾದ. ಆ ಒಂದು ಮಾತಿಗೆ ದೇವರು ಅವನಿಗೆ ಮೂರು ತಿಂಗಳ ಕಾಲ ಕೊಟ್ಟಿದ್ದ. ಭಗವಂತರಾಯನಿಗೂ ಕೊಟ್ಟಿದ್ದ.