ಕಿಟಕಿಯಲ್ಲಿ ಬಟನ್

ಗುಳುಕ್.

ನಡುರಾತ್ರಿ ಆ ಸಣ್ಣ ಸದ್ದಿಗೆ ಕಾವ್ಯಶ್ರೀಗೆ ಅರ್ಧ ಎಚ್ಚರವಾಯಿತು. ಮಳೆ ಇರಬೇಕು ಅಂದುಕೊಂಡು ಕಂಬಳಿಯನ್ನು ಮೂಗಿನವರೆಗೆ ಎಳೆದುಕೊಂಡಳು.

ಬೆಳಿಗ್ಗೆ ಎದ್ದು ನೋಡಿದರೆ ಬಟನ್‌ನ ಇನ್ನೊಂದು ಎಲೆ ಕಂದಾಗಿತ್ತು.

"ಅಯ್ಯೋ, ಮತ್ತೊಂದಾ! ಏನಾಗಿದೆ ನಿಂಗೆ?"

ಬಟನ್ ಅಂದರೆ ಐದನೇ ಕ್ಲಾಸಿನ ಸಕ್ಯುಲೆಂಟ್ ಗಿಡ. ಅಂಗೈಯಗಲ ಇತ್ತು, ನೀರು ತುಂಬಿದ ದಪ್ಪ ಎಲೆಗಳು ಕಮಲದ ಹಾಗೆ ಅರಳಿದ್ದವು. ಮಳೆ ರಜೆ ಶುರುವಾದ ದಿನ ಉಷಾರಾಣಿ ಮಿಸ್, "ಹೋದ ವರ್ಷದ್ದು ಸುನಿಲ್ ಮನೇಲಿ ಸತ್ತೋಯ್ತು. ಇದೂ ಹೋದ್ರೆ ನಾನಿನ್ನು ಕ್ಲಾಸಿಗೆ ಗಿಡ ತರಲ್ಲ" ಎಂದಿದ್ದರು. ಆಗ ಎಲ್ಲರಿಗಿಂತ ಮೊದಲು ಕೈ ಎತ್ತಿದವಳು ಕಾವ್ಯಶ್ರೀ. "ನಾನು ನೋಡ್ಕೋತೀನಿ ಮಿಸ್. ಪ್ರಾಮಿಸ್!"

ಹದಿನೈದು ದಿನಕ್ಕೊಮ್ಮೆ ನಾಲ್ಕು ಚಮಚ ನೀರು ಸಾಕು ಎಂದು ಮಿಸ್ ಹೇಳಿದ್ದರು. ಅವಳು ಎಣಿಸಿ ನಾಲ್ಕೇ ಚಮಚ ಹಾಕಿದ್ದಳು. ಮನೆಯಲ್ಲಿ ಒಳ್ಳೆಯ ಬೆಳಕು ಬರುವ ಜಾಗವೆಂದು ಹಾಲ್‌ನ ಕಿಟಕಿಯಲ್ಲೇ ಇಟ್ಟಿದ್ದಳು. ಆದರೂ ಮೂರು ಎಲೆ ಕಂದಾಗಿದ್ದವು.

ಪಕ್ಕದ ಮನೆಯ ಪೊನ್ನಪ್ಪ ಅಂಕಲ್ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಕೊಡೆ ಮಡಚುತ್ತಾ ಬಂದು ನೋಡಿದರು.

"ಎಂತ ಇದು? ನಮ್ಮ ಮೆಣಸಿನ ಬಳ್ಳಿಗೆ ಬರ್ತದಲ್ಲ, ಸೊರಗು ರೋಗ, ಅದೇ! ಬೋರ್ಡೋ ಮದ್ದು ಹೊಡಿ ಮಗಳೇ. ನಾಳೆ ಸ್ಪ್ರೇಯರ್ ತರ್ತೇನೆ."

"ಅಂಕಲ್, ಇದು ಒಂದೇ ಒಂದು ಗಿಡ! ಸ್ಪ್ರೇಯರ್ ಇದಕ್ಕಿಂತ ದೊಡ್ಡದಿರುತ್ತೆ."

"ಬಿಸಿಲಿಲ್ಲ, ಅದಕ್ಕೇ" ಎಂದರು ಅಮ್ಮ. "ಬಿಸಿಲಿಗಿಡು."

"ಎಲ್ಲಿದೆಯಮ್ಮಾ ಬಿಸಿಲು? ಎಂಟು ದಿನದಿಂದ ಸೂರ್ಯನೇ ಬಂದಿಲ್ಲ!"

"ಬ್ಯಾಂಡೇಜ್ ಹಾಕೋಣ್ವಾ ಅಕ್ಕಾ?" ಎಂದ ಎರಡನೇ ಕ್ಲಾಸಿನ ತಮ್ಮ ಪ್ರವೀಣ್.

"ನೀನು ಸುಮ್ನಿರ್ತೀಯಾ!"

ಕೊನೆಗೆ ಅವಳು ಪಾಟನ್ನು ಅಜ್ಜಿಯ ಮಡಿಲಿಗೇ ತಂದಿಟ್ಟಳು. ಮುತ್ತಮ್ಮಜ್ಜಿ ನಲವತ್ತು ವರ್ಷ ಶುಂಠಿ ಬೆಳೆದವರು. ಈಗ ಅವರ ಕಣ್ಣು ಮಂಜಾಗಿತ್ತು. ಅದಕ್ಕೆ ಬೆರಳಲ್ಲೇ ನೋಡಿದರು. ಒಂದು ಕಂದು ಎಲೆಯನ್ನು ಮೆಲ್ಲಗೆ ಒತ್ತಿದರು. ಪಿಚಕ್ ಎಂದು ನೀರು ಬಂತು.

"ಬಾಯಾರಿದ್ ಎಲೆ ಗರಿಗರಿ ಅಂತದೆ ಮಗ. ಇದು ಅನ್ನದಂಗೆ ಮೆತ್ತಗದೆ." ಮಣ್ಣನ್ನು ಮೂಸಿದರು. "ಥೂ! ಶುಂಠಿ ಕೊಳೆತಾಗ ಇದೇ ವಾಸ್ನೆ. ಬೇರು ಕೊಳೆತೋಗದೆ. ಯಾವ್ ಬುದ್ಧಿ ಇಲ್ದೋರು ಹಿಂಗೆ ನೀರ್ ಹುಯ್ದವ್ರೆ?"

ಕಾವ್ಯಶ್ರೀ ಸರ‍್ರನೆ ತಿರುಗಿದಳು. "ಪ್ರವೀಣಾ!"

"ನಾನಲ್ಲ!"

"ಮತ್ಯಾರು? ಸ್ನಾನದ ಮಗ್ ಹಿಡ್ಕೊಂಡು ಮನೆಯೆಲ್ಲ ಓಡಾಡೋನು ನೀನೇ!"

"ನಾನು ಮುಟ್ಟೇ ಇಲ್ಲ, ದೇವ್ರಾಣೆ!" ಅಮ್ಮನೂ ಅವನನ್ನೇ ಗದರಿದರು. ಪ್ರವೀಣ್ ಅಳುತ್ತಾ ಮಂಚದ ಕೆಳಗೆ ಸೇರಿಕೊಂಡ. ಮಧ್ಯಾಹ್ನ ಊಟಕ್ಕೂ ಅಲ್ಲಿಂದ ಬರಲಿಲ್ಲ.

ಅಜ್ಜಿ ಹೇಳಿದಂತೆ ಕಾವ್ಯಶ್ರೀ ಗಿಡವನ್ನು ಕಿತ್ತಳು. ಬೇರು ಕಪ್ಪಾಗಿ ದಾರದಂತೆ ಕಳಚಿ ಬಂತು. ಕಾಂಡವನ್ನು ಒಳಗೆ ಬೆಳ್ಳಗೆ ಕಾಣುವವರೆಗೂ ಮೇಲಕ್ಕೆ ಕತ್ತರಿಸಿದಳು. ಕೊಯ್ದ ಕಡೆ ಒಲೆಯ ಬೂದಿ ಸವರಿದಳು. ಉಳಿದದ್ದು ಬರೀ ತಲೆ, ಆರು ಎಲೆ.

"ಗಾಯ ಒಣಗ್ಲಿ, ನಾಕ್ ದಿನ ಮಣ್ಣಿಗಿಡಬ್ಯಾಡ" ಎಂದರು ಅಜ್ಜಿ.

ಅವಳು ಅದನ್ನು ಪೇಪರಿನ ಮೇಲೆ ಶೆಲ್ಫಿನಲ್ಲಿಟ್ಟಳು. ಪಾಟನ್ನು ತೊಳೆದು, ಮರಳಿಗೆ ಇಟ್ಟಿಗೆ ಚೂರು ಬೆರೆಸಿ ತುಂಬಿ, ಕಿಟಕಿಯಲ್ಲಿ ಅದರ ಜಾಗಕ್ಕೇ ಇಟ್ಟಳು. ನಾಳೆ ಶಾಲೆ ಇದ್ದರೆ ಮಿಸ್‌ಗೆ ಏನು ತೋರಿಸುವುದು? ಸಂಜೆ ಅಮ್ಮನ ಫೋನಿಗೆ ಮೆಸೇಜ್ ಬಂತು. ನಾಳೆಯೂ ರಜೆ. ಅವಳು ಅಷ್ಟು ಜೋರಾಗಿ ಉಸಿರು ಬಿಟ್ಟದ್ದು ಕಂಡು ಅಮ್ಮ ದುರುಗುಟ್ಟಿ ನೋಡಿದರು.

ರಾತ್ರಿ ಕರೆಂಟಿರಲಿಲ್ಲ. ಕಾವ್ಯಶ್ರೀ ಎಂದಿನಂತೆ ಹಾಲ್‌ನಲ್ಲಿ, ಕಿಟಕಿಗೆ ಅಂಟಿದ್ದ ಅಜ್ಜಿಯ ಮಂಚದ ಪಕ್ಕ ಮಲಗಿದ್ದಳು.

ಗುಳುಕ್.

ಈ ಸಲ ಕಣ್ಣು ತೆರೆದಳು. ಮಿಂಚಿತು. ಅಜ್ಜಿ ಎದ್ದು ಕೂತಿದ್ದರು. ಬಿ.ಪಿ. ಮಾತ್ರೆ ನುಂಗಿ, ಎರಡು ಗುಟುಕು ನೀರು ಕುಡಿದಿದ್ದರು. ಚೊಂಬಿನಲ್ಲಿ ಉಳಿದ ನೀರನ್ನು, ಕತ್ತಲಲ್ಲೇ ಕೈ ಚಾಚಿ, ಕಿಟಕಿಯ ಪಾಟಿಗೆ ಬಗ್ಗಿಸುತ್ತಿದ್ದರು.

"ಕುಡಿಯವ್ವ, ನೀನೂ ಕುಡಿ" ಎಂದು ಗೊಣಗಿ ಮಲಗಿದರು.

ಕುಡಿದು ಉಳಿದ ನೀರನ್ನು ಅಜ್ಜಿ ಎಂದೂ ಚೆಲ್ಲುವವರಲ್ಲ. ಅವರು ಹುಟ್ಟಿದ ಊರಿನಲ್ಲಿ ಒಂದು ಕೊಡ ನೀರಿಗೆ ಒಂದು ಮೈಲಿ ನಡೆಯಬೇಕಿತ್ತಂತೆ. ಆ ಚೊಂಬಿನ ನೀರು ಯಾವಾಗಲೂ ಕಿಟಕಿಯಲ್ಲಿದ್ದ ಪುದೀನಕ್ಕೆ.

ಪುದೀನ!

ಕಾವ್ಯಶ್ರೀಯ ಕಿವಿ ಬಿಸಿಯಾಯಿತು. ಬಟನ್‌ಗೆ ಬೆಳಕು ಸಿಗಲೆಂದು ಪುದೀನದ ಪಾಟನ್ನು ಜಗಲಿಗೆ ಎತ್ತಿಟ್ಟವಳು ಅವಳೇ. ಅಜ್ಜಿಗೆ ಹೇಳಿರಲೇ ಇಲ್ಲ.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದಳು. ಪುದೀನವನ್ನು ಒಳಗೆ ತಂದು ಕಿಟಕಿಯಲ್ಲಿಟ್ಟಳು. ಒದ್ದೆ ಮರಳಿನ ಪಾಟನ್ನು ಒಣಗಲೆಂದು ಒಲೆಯ ಹತ್ತಿರ ಇಟ್ಟಳು. ಪ್ರವೀಣ್ ಕಣ್ಣುಜ್ಜುತ್ತಾ ಬಂದ.

"ಸಾರಿ ಕಣೋ. ನೀನಲ್ಲ ಅಂತ ಗೊತ್ತಾಯ್ತು. ಅಮ್ಮಾ, ಪ್ರವೀಣ ನೀರು ಹಾಕಿಲ್ಲ!"

"ಮತ್ತೆ ಯಾರು?" ಎಂದ ಪ್ರವೀಣ್.

"ಹೂಂ, ಯಾರು?" ಎಂದರು ಅಮ್ಮ ಅಡುಗೆಮನೆಯಿಂದ.

ಅಜ್ಜಿಯೂ ಮಂಚದಲ್ಲಿ ಎದ್ದು ಕೂತರು. "ಆ ಪೆದ್ದ್ ಮುಂಡೇದು ಯಾರಂತೆ ಮಗ? ಹೇಳು, ಕಿವಿ ಹಿಂಡ್ತೀನಿ." ಹೇಳುತ್ತಲೇ ಅವರ ಕೈ ತಾನಾಗಿ ಕಿಟಕಿಗೆ ಹೋಗಿ, ಪುದೀನದ ಎರಡೆಲೆ ಚಿವುಟಿ ಮೂಸಿತು.

ಕಾವ್ಯಶ್ರೀ ಆ ಬೆರಳುಗಳನ್ನೇ ನೋಡಿದಳು.

"ಯಾರೂ ಇಲ್ಲ ಅಜ್ಜಿ. ನಾನು ಪಾಟ್ ಇಟ್ಟ ಜಾಗ ಸರಿ ಇರ್ಲಿಲ್ಲ."

ಮಿಸ್ ಕೇಳಿದರೂ ಇಷ್ಟೇ, ಗೆಳತಿ ರಶ್ಮಿತಾ ಪೀಡಿಸಿ ಕೇಳಿದರೂ ಇಷ್ಟೇ. ಚೊಂಬಿನ ವಿಷಯ ಯಾರಿಗೂ ಹೇಳುವುದಿಲ್ಲ ಎಂದುಕೊಂಡು ಅವಳು ಶೆಲ್ಫಿನಲ್ಲಿದ್ದ ಆರು ಎಲೆಗಳನ್ನು ಮತ್ತೊಮ್ಮೆ ಎಣಿಸಿದಳು.